ಗರಗಸಕ್ಕೆ ಕರೆಂಟು ಕೊಡುವ ಮುನ್ನ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಟೇಬಲ್ ಗರಗಸ ಬಂತು, ಈ ವಾರ ಲೈನ್ ಕೊಡಿಸುತ್ತೇನೆ ಅಂತ ಬರೆದಿದ್ದೀಯ. ಓದಿ ಸಂತೋಷವಾಯಿತು. ಬ್ಲೇಡಿನ ಭಯ ನಿನಗೆ ಇದ್ದೇ ಇದೆ. ಅದು ತಿರುಗುವುದಕ್ಕೆ ಕಾರಣವಾದ ವೈರಿನ ಮೇಲೂ ಅಷ್ಟೇ ನಿಗಾ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೋಟಾರಿನ ನೇಮ್‌ಪ್ಲೇಟ್ ಒರೆಸಿ ಓದು. ಎಚ್‌ಪಿ ನೋಡಿ ವೈರ್ ತರಬೇಡ, ಆಂಪ್ಸ್ ನೋಡು. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. 230 ವೋಲ್ಟಿನ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಪೂರ್ತಿ ಲೋಡಿನಲ್ಲಿ 10 ಆಂಪ್ಸ್ ಆಸುಪಾಸು ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹಾಗಾಗಿ 6 ಆಂಪ್ಸ್ ಸಾಕೆಟ್ಟಿನ ಮಾತೇ ಬೇಡ. ಬೋರ್ಡಿನಿಂದ ನೇರವಾಗಿ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ಸ್ ಸಾಕೆಟ್, ಅದಕ್ಕೇ ಪ್ರತ್ಯೇಕ 16 ಆಂಪ್ಸ್ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಹೊಟ್ಟು ಎಳೆಯುವ ಮಷೀನಿಗೆ ಬೇರೆ ಲೈನ್ ಇರಲಿ. ಹೊಸ ಲೈನ್ ಎಳೆಯುವುದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸು.

ಎಂಸಿಬಿ ಸಿ ಟೈಪ್ ಇರಬೇಕು. ಬಿ ಟೈಪ್ ಆದರೆ ಮೋಟಾರ್ ಎದ್ದೇಳುವ ಹೊತ್ತಿಗೇ ಬೀಳಬಹುದು. ಆಗ ಕೆಲವರು ಬೇಸತ್ತು 32 ಆಂಪ್ಸಿನದನ್ನು ಹಾಕಿಬಿಡುತ್ತಾರೆ. ಅಂಥದ್ದು ಬೀಳುವಷ್ಟರಲ್ಲಿ ಗೋಡೆಯೊಳಗಿನ ವೈರ್ ಕಾದು ಇನ್ಸುಲೇಶನ್ ಕರಗಿರುತ್ತದೆ. ಎಂಸಿಬಿ ಕಾಯುವುದು ವೈರನ್ನು. ನಿನ್ನನ್ನು ಕಾಯುವುದಕ್ಕೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಬೇಕು, ಜೊತೆಗೆ ಗಟ್ಟಿಯಾದ ಅರ್ತಿಂಗ್.

ಎಕ್ಸ್‌ಟೆನ್ಶನ್ ಇಲ್ಲದೆ ಆಗುವುದಾದರೆ ಒಳ್ಳೆಯದು. 30 ಮೀಟರ್ ಉದ್ದದ 1 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ ಹೋಗಿ ಬರುವ ತಾಮ್ರ 60 ಮೀಟರ್. ಅದರ ರೆಸಿಸ್ಟೆನ್ಸ್ 1 ಓಮ್‌ಗಿಂತ ತುಸು ಹೆಚ್ಚು. ಸ್ಟಾರ್ಟ್ ಆಗುವಾಗ ಸುಮಾರು 40 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಮೂರರಲ್ಲೊಂದು ಪಾಲು ಅಲ್ಲಿಗೇ ಹೋಯಿತು. ಮೋಟಾರು ಗೊಂಯ್ ಎನ್ನುತ್ತಾ ನಿಧಾನಕ್ಕೆ ಏಳುತ್ತದೆ, ಸ್ಟಾರ್ಟಿಂಗ್ ವೈಂಡಿಂಗ್ ಕಾದು ಸುಡುತ್ತದೆ. ಬೇಕೇ ಬೇಕೆಂದರೆ ಉದ್ದ ಕಡಿಮೆಯಿರುವ, 2.5 ಸ್ಕ್ವೇರ್ ಎಂಎಂನ, ಮೂರು ಕೋರ್ (ಒಳಗೆ ಮೂರು ವೈರ್ ಇರುವ) ಕೇಬಲ್ ಬಳಸು. ಸುರುಳಿಯಲ್ಲಿದ್ದರೆ ಪೂರ್ತಿ ಬಿಚ್ಚಿ ಹಾಸು. ಸುತ್ತಿಟ್ಟ ಕೇಬಲ್ ಒಳಗೊಳಗೇ ಕಾಯುತ್ತದೆ.

ಪ್ಲಗ್ಗನ್ನು ನೀನೇ ಕಟ್ಟುತ್ತೀಯಾದರೆ ಅವಸರ ಮಾಡಬೇಡ. ಹಸಿರು-ಹಳದಿ ಅರ್ತ್ ವೈರನ್ನು ಉಳಿದೆರಡಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದ ಬಿಡು. ಯಾರೋ ಕೇಬಲ್ ಎಡವಿ ಎಳೆದರೂ ಕೊನೆಗೆ ಕಳಚುವುದು ಅದೇ ಆಗಿರಬೇಕು. ತಾಮ್ರದ ಎಳೆಗಳನ್ನು ಒಂದೂ ತುಂಡಾಗದ ಹಾಗೆ ಬಿಡಿಸಿ, ಹೊಸೆದು, ತುದಿಗೆ ಲಗ್ (ಲೋಹದ ಚಿಕ್ಕ ತೊಡಿಗೆ) ಒತ್ತು. ಬೆಸುಗೆ ಹಾಕಬೇಡ, ಸ್ಕ್ರೂ ಒತ್ತಡಕ್ಕೆ ಸೀಸ ದಿನೇ ದಿನೇ ಚಪ್ಪಟೆಯಾಗಿ ಹಿಡಿತ ಸಡಿಲುತ್ತದೆ. ಸ್ಕ್ರೂ ಕೆಳಗೆ ಇನ್ಸುಲೇಶನ್ ಸಿಕ್ಕಿಕೊಳ್ಳಬಾರದು. ಕ್ಲಾಂಪು ಹಿಡಿಯಬೇಕಾದ್ದು ಹೊರಗಿನ ದಪ್ಪ ಕವಚವನ್ನು, ಒಳಗಿನ ಬಣ್ಣದ ವೈರುಗಳನ್ನಲ್ಲ. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಅರ್ತ್ ಪಿನ್ನಿಗೆ, ಇನ್ನೊಂದು ಮೋಟಾರಿನ ಬಣ್ಣವಿಲ್ಲದ ಬೋಲ್ಟಿಗೆ ಇಟ್ಟು ನೋಡು. 1 ಓಮ್‌ಗಿಂತ ಕಡಿಮೆ ತೋರಿಸಬೇಕು.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಸ್ವಿಚ್ಚಿನ ಬಗ್ಗೆ. ಮಾಮೂಲಿ ಸ್ವಿಚ್ ಹಾಕಿದ ಗರಗಸದಲ್ಲಿ ಮರ ಕೊಯ್ಯುವಾಗ ಕರೆಂಟು ಹೋಯಿತು ಅಂದುಕೋ. ಸ್ವಿಚ್ ಆರಿಸುವುದು ಮರೆತು, ಸಿಕ್ಕಿಕೊಂಡ ಹಲಗೆ ಬಿಡಿಸಲು ಬ್ಲೇಡಿನ ಹತ್ತಿರ ಕೈ ಇಟ್ಟಿರುತ್ತೀಯ. ಕರೆಂಟು ಬಂದರೆ ಬ್ಲೇಡು ನಿನ್ನನ್ನು ಕೇಳಿ ತಿರುಗುವುದಿಲ್ಲ. ನೋ-ವೋಲ್ಟ್ ಸ್ವಿಚ್, ಅಂದರೆ ಕರೆಂಟು ಹೋದರೆ ತಾನಾಗಿ ಆರಿ, ಹಸಿರು ಬಟನ್ ಒತ್ತದೆ ಮತ್ತೆ ಹತ್ತದಂಥದ್ದೇ ಇರಬೇಕು. ಪರೀಕ್ಷೆ ಸುಲಭ: ಮರ ಇಡದೆ ಓಡಿಸು, ಬೋರ್ಡಿನಲ್ಲಿ ಎಂಸಿಬಿ ಇಳಿಸು, ಬ್ಲೇಡು ನಿಂತ ಮೇಲೆ ದೂರ ನಿಂತು ಎತ್ತು. ಗರಗಸ ಅಲ್ಲಾಡಬಾರದು. ತಿರುಗಿತೋ, ಸ್ವಿಚ್ ಬದಲಾಯಿಸುವ ತನಕ ಅದರಲ್ಲಿ ಕೆಲಸ ಮಾಡಬೇಡ. ಬ್ಲೇಡು ಬದಲಿಸುವಾಗಲಂತೂ ಸ್ವಿಚ್ಚನ್ನೂ ನಂಬಬೇಡ, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲಿಡು.

ಮೂರು ಫೇಸಿನ ಮೋಟಾರಾದರೆ ಬ್ಲೇಡು ಉಲ್ಟಾ ತಿರುಗಬಹುದು. ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿಸಿದರೆ ಸರಿಹೋಗುತ್ತದೆ. ಓವರ್‌ಲೋಡ್ ರಿಲೇಯನ್ನು, ಅಂದರೆ ಮೋಟಾರಿನ ಮೇಲೆ ಭಾರ ಹೆಚ್ಚಾದರೆ ಅದನ್ನು ಆರಿಸುವ ಸಾಧನವನ್ನು, ನೇಮ್‌ಪ್ಲೇಟಿನ ಆಂಪ್ಸಿಗೇ ಇಡಿಸು.

ಮೊದಲ ದಿನ ಹತ್ತು ನಿಮಿಷ ಮರ ಕೊಯ್ದು, ಮಷೀನ್ ನಿಲ್ಲಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡು. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾದಿದ್ದರೆ ಒಳಗೆ ಎಲ್ಲೋ ಸ್ಕ್ರೂ ಸಡಿಲವಿದೆ. ನೇಮ್‌ಪ್ಲೇಟಿನದೂ ಸ್ವಿಚ್ಚಿನದೂ ಫೋಟೋ ತೆಗೆದು ಇವತ್ತೇ ಕಳಿಸು. ನಾನು ನೋಡಿ ಹೇಳಿದ ಮೇಲೆ ವೈರ್ ತರುವೆಯಂತೆ.

ಇತಿ,
ನಿನ್ನ ದೊಡ್ಡಪ್ಪ