ಸೆಕೆಂಡಿನ ಮುಳ್ಳಿರುವ ಒಂದು ವಾಚು: ನರ್ಸಿಂಗ್ ಓದುವ ಮಕ್ಕಳಿಗಾಗಿ ದೇಣಿಗೆ ಮನವಿ

ಆತ್ಮೀಯರೇ,

ಬಿಎಸ್‌ಸಿ ನರ್ಸಿಂಗ್ ಎರಡನೇ ವರ್ಷದ ಹುಡುಗಿಯೊಬ್ಬಳು ವಾರ್ಡಿನಲ್ಲಿ ರೋಗಿಯ ಮಣಿಕಟ್ಟು ಹಿಡಿದು ನಿಂತಿದ್ದಳು. ನಾಡಿ ಎಣಿಸಿ ಆಗಿತ್ತು. ಆದರೂ ಕೈ ಬಿಡಲಿಲ್ಲ. ಕಣ್ಣು ಮಾತ್ರ ಮೆಲ್ಲಗೆ ರೋಗಿಯ ಎದೆಯ ಕಡೆ ಹೊರಳಿತು. ಅವಳು ಉಸಿರು ಎಣಿಸುತ್ತಿದ್ದಳು. ‘ನಿಮ್ಮ ಉಸಿರು ಎಣಿಸ್ತೀನಿ’ ಅಂತ ಹೇಳಿಬಿಟ್ಟರೆ ಎಂಥವರ ಉಸಿರಾಟವೂ ಬದಲಾಗಿಬಿಡುತ್ತದೆ. ಅದಕ್ಕೇ ನಾಡಿ ನೋಡುವ ನೆಪದಲ್ಲಿ ಇದನ್ನೂ ಎಣಿಸಬೇಕು, ಪೂರ್ತಿ ಒಂದು ನಿಮಿಷ. ದೊಡ್ಡವರು ಆರಾಮಾಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಚಾರ್ಟಿನಲ್ಲಿ ಹಿಂದಿನ ಸಲ ಬರೆದದ್ದು 18. ಅವಳ ಎಣಿಕೆಗೆ ಸಿಕ್ಕಿದ್ದು 28. ಇನ್ನೊಮ್ಮೆ ಎಣಿಸಿದಳು. ಅಷ್ಟೇ ಬಂತು. ತಕ್ಷಣ ಹೋಗಿ ಸ್ಟಾಫ್ ನರ್ಸಿಗೆ ಹೇಳಿದಳು, ಡಾಕ್ಟರು ಬಂದರು, ಆಕ್ಸಿಜನ್ ಹಾಕಿದರು.

ಅವಳು ನೋಡಿಕೊಂಡು ಎಣಿಸಿದ ವಾಚು ಅವಳದಲ್ಲ, ಗೆಳತಿಯದು. ಇಬ್ಬರಿಗೂ ಸೇರಿ ಒಂದೇ ವಾಚು. ಒಬ್ಬಳಿಗೆ ಬೆಳಗಿನ ಡ್ಯೂಟಿ, ಇನ್ನೊಬ್ಬಳಿಗೆ ಮಧ್ಯಾಹ್ನದ್ದು ಬಿದ್ದರೆ ಹೇಗೋ ನಡೆಯುತ್ತಿತ್ತು. ಒಂದೇ ಶಿಫ್ಟು ಬಿದ್ದ ದಿನ ಒಬ್ಬಳು ಗೋಡೆ ಗಡಿಯಾರಕ್ಕೆ ಕತ್ತು ಚಾಚಬೇಕಿತ್ತು. ಮೊಬೈಲ್ ನೋಡಿ ಎಣಿಸೋಣ ಅಂದರೆ ವಾರ್ಡಿನಲ್ಲಿ ಅದನ್ನು ತೆಗೆಯುವಂತಿಲ್ಲ. ಈ ಸಂಗತಿ ನಮ್ಮ ಟ್ರಸ್ಟಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವಳು ಕೇಳಿರಲಿಲ್ಲ. ಕೇಳುವಷ್ಟು ದೊಡ್ಡ ವಿಷಯ ಅಂತ ಅವಳಿಗೆ ಅನಿಸಿರಲೂ ಇಲ್ಲ.

ನಾವು ಇಷ್ಟು ದಿನ ಫೀಸಿಗೆ ಮಾತ್ರ ನೆರವು ಕೊಡುತ್ತಿದ್ದೆವು. ಫೀಸು ಕಟ್ಟಿದರೆ ಓದು ಮುಗಿಯುತ್ತದೆ ಅಂತ ನಂಬಿದ್ದೆವು. ಅದು ಸಾಲದು ಅನ್ನೋದು ಈಗ ಅರ್ಥವಾಗಿದೆ. ಸೀಟು ಸಿಕ್ಕಿ, ಫೀಸಿಗೂ ದಾರಿಯಾಗಿ, ಆಮೇಲೆ ಒಂದೊಂದು ಸಣ್ಣ ಖರ್ಚಿಗೂ ಸೋಲುತ್ತಾ ಹೋಗಿ ಓದು ಬಿಡುವ ಮಕ್ಕಳಿದ್ದಾರೆ. ಅವರಿಗಾಗಿ ಈ ಮನವಿ.

‘ಪಾರ್ಟ್ ಟೈಮ್ ಕೆಲಸ ಮಾಡಬಹುದಲ್ವಾ?’ ಅಂತ ಕೆಲವರು ಕೇಳುತ್ತಾರೆ. ಕೇಳುವುದು ಸಹಜ. ಬೇರೆ ಡಿಗ್ರಿ ಓದುವ ಎಷ್ಟೋ ಮಕ್ಕಳು ಸಂಜೆ ದುಡಿದು ಓದುತ್ತಾರೆ. ನರ್ಸಿಂಗ್‌ನಲ್ಲಿ ಆ ಸಂಜೆಯೇ ಸಿಗುವುದಿಲ್ಲ. ಒಂದು ವಾರ ಬೆಳಗಿನ ಪೋಸ್ಟಿಂಗ್ (ಅಂದರೆ ಆಸ್ಪತ್ರೆಯಲ್ಲಿ ಡ್ಯೂಟಿ), ಇನ್ನೊಂದು ವಾರ ಮಧ್ಯಾಹ್ನ, ಆಮೇಲೆ ರಾತ್ರಿ. ನಡುವೆ ಥಿಯರಿ ಕ್ಲಾಸು, ಲ್ಯಾಬು. ರೂಮಿಗೆ ಬಂದ ಮೇಲೆ ತಾವು ನೋಡಿಕೊಂಡ ರೋಗಿಯ ಬಗ್ಗೆ ಕೇಸ್ ಸ್ಟಡಿ, ಆರೈಕೆ ಹೇಗೆ ಅಂತ ಕೇರ್ ಪ್ಲಾನ್ ಬರೆಯಬೇಕು. ರೋಗಿಗಳ ಜೊತೆ ಕಲಿಯುವ ಕ್ಲಿನಿಕಲ್ ಗಂಟೆಗಳು ಇಷ್ಟು ಅಂತ ಲೆಕ್ಕ ಇರುತ್ತದೆ. ತಪ್ಪಿಸಿಕೊಂಡರೆ ಮತ್ತೆ ಮಾಡಿ ತುಂಬಬೇಕು. ಇಂಥ ವೇಳಾಪಟ್ಟಿಗೆ ಹೊಂದುವ ಕೆಲಸ ಯಾರು ಕೊಡುತ್ತಾರೆ ಹೇಳಿ? ಕೊಟ್ಟರೂ, ನಿದ್ದೆಗೆಟ್ಟ ಕೈಯಲ್ಲಿ ಮಾರನೇ ದಿನ ಸಿರಿಂಜ್ ಹಿಡಿಯಬೇಕು. ಅದು ಬೇಡ ಅಂತಲೇ ನಾವು ಹೇಳುತ್ತೇವೆ.

ಇಂಜೆಕ್ಷನ್ ಕೊಡಲು, ಬ್ಯಾಂಡೇಜ್ ಕಟ್ಟಲು ಒಂದು ಡಿಗ್ರಿ ಬೇಕಾ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಒಂದು ಉದಾಹರಣೆ ಕೊಡುತ್ತೇವೆ. ಡಿಗಾಕ್ಸಿನ್ ಅಂತ ಹೃದಯದ ಔಷಧಿ ಇದೆ. ಅದು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಹಾಗಾಗಿ ಮಾತ್ರೆ ಕೊಡುವ ಮೊದಲು ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಕೇಳಬೇಕು. ದೊಡ್ಡವರಲ್ಲಿ ಅದು 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರಿಗೆ ತಿಳಿಸಬೇಕು. ಚೀಟಿಯಲ್ಲಿ ಬರೆದಿದೆ ಅಂತ ಸುಮ್ನೆ ಕೊಟ್ಟುಬಿಡುವ ಹಾಗಿಲ್ಲ. ಆ ಒಂದು ನಿಮಿಷದ ಹಿಂದೆ ದೇಹದ ರಚನೆ ಹೇಳುವ ಅನಾಟಮಿ ಇದೆ, ಅದು ಕೆಲಸ ಮಾಡುವ ಬಗೆ ಹೇಳುವ ಫಿಸಿಯಾಲಜಿ ಇದೆ, ಔಷಧಿಗಳ ಬಗ್ಗೆ ಹೇಳುವ ಫಾರ್ಮಕಾಲಜಿ ಇದೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಂದಲೋ, ಇಂಜೆಕ್ಷನ್ನಿಂದಲೋ), ಸರಿಯಾದ ಹೊತ್ತು: ಈ ಐದನ್ನು ನಮ್ಮ ಮಕ್ಕಳು ಮಗ್ಗಿಯ ಹಾಗೆ ಹೇಳುತ್ತಾರೆ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದಾಗಲೇ ಈ ಕೆಲಸಕ್ಕೆ ಓದು ಬೇಕು ಅನ್ನುವುದು ಗಟ್ಟಿಯಾಗಿತ್ತು. 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ, ಆಪರೇಷನ್ ಆದ 4 ಲಕ್ಷಕ್ಕೂ ಜಾಸ್ತಿ ರೋಗಿಗಳ ದಾಖಲೆ ನೋಡಿದ್ದರು. ಡಿಗ್ರಿ ಓದಿದ ನರ್ಸುಗಳ ಪಾಲು ಶೇ. 10ರಷ್ಟು ಹೆಚ್ಚಿದಂತೆ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಕಡಿಮೆ ಕಂಡಿತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಲ್ಲಿ ಒಬ್ಬರು ಜಾಸ್ತಿಯಾದರೂ ಆ ಸಂಭವ ಶೇ. 7ರಷ್ಟು ಏರುತ್ತಿತ್ತು. ಅಂದರೆ ಓದಿದವರೂ ಬೇಕು, ಸಾಕಷ್ಟು ಜನವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರ ವರದಿಯಲ್ಲಿ, 2018ರ ಹೊತ್ತಿಗೆ ಪ್ರಪಂಚದಲ್ಲಿ 59 ಲಕ್ಷ ನರ್ಸುಗಳ ಕೊರತೆ ಇತ್ತು ಅಂತ ಹೇಳಿದೆ. ಇಷ್ಟು ಕೊರತೆ ಇರುವಾಗ, ಒಂದು ಜೊತೆ ಶೂಗೆ ದುಡ್ಡಿಲ್ಲ ಅಂತ ಒಂದು ಮಗು ಓದು ಬಿಡುವುದನ್ನು ನೋಡಿಕೊಂಡು ಕೂರಲು ನಮಗೆ ಆಗುತ್ತಿಲ್ಲ.

ಶೂ ಅಂದರೆ ಅಲಂಕಾರಕ್ಕಲ್ಲ. ಇಡೀ ಶಿಫ್ಟು ನಿಂತೇ ಇರಬೇಕು. ನೆಲ ಒದ್ದೆ ಇದ್ದರೆ ಜಾರಬಾರದು, ಸೂಜಿ ಬಿದ್ದರೆ ಕಾಲಿಗೆ ಚುಚ್ಚಬಾರದು. ಯೂನಿಫಾರ್ಮ್ ಎರಡು ಜೊತೆಯಾದರೂ ಬೇಕು, ಒಂದೇ ಇದ್ದರೆ ರಾತ್ರಿ ಒಗೆದದ್ದು ಬೆಳಗ್ಗೆ ಒಣಗಿರುವುದಿಲ್ಲ. ಸ್ಟೆತಾಸ್ಕೋಪ್, ದಪ್ಪ ದಪ್ಪ ಪುಸ್ತಕಗಳು, ಪರೀಕ್ಷೆ ಫೀಸು, ಪೋಸ್ಟಿಂಗ್‌ಗೆ ಹೋಗಿ ಬರುವ ಬಸ್ ಚಾರ್ಜು, ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಮನೆ ಮನೆಗೆ ಹೋಗುವ ಓಡಾಟ. ಎಲ್ಲಕ್ಕಿಂತ ಮೊದಲು ಹೆಪಟೈಟಿಸ್ ಬಿ ಲಸಿಕೆ. ಇದು ರಕ್ತದಿಂದ ಹರಡುವ, ಲಿವರಿಗೆ ಬರುವ ಸೋಂಕು, ರಕ್ತದ ನಡುವೆ ಕೆಲಸ ಮಾಡುವವರಿಗೆ ಈ ಲಸಿಕೆ ಆಗಿರಲೇಬೇಕು. ಸಾಮಾನ್ಯವಾಗಿ ಮೂರು ಡೋಸು, ಮುಗಿಯಲು ಆರು ತಿಂಗಳು. ತಡವಾಗಿ ಶುರು ಮಾಡಿದರೆ ಮಕ್ಕಳು ರಕ್ಷಣೆ ಇಲ್ಲದೆ ವಾರ್ಡಿಗೆ ಹೋದ ಹಾಗಾಗುತ್ತದೆ. ಇದರಲ್ಲಿ ಮಾತ್ರ ನಾವು ಯಾವ ಕಾರಣಕ್ಕೂ ರಾಜಿ ಆಗುವುದಿಲ್ಲ.

ನಿಮ್ಮ ದೇಣಿಗೆ ಎಷ್ಟೇ ಇರಲಿ, ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಸ್ವಲ್ಪದಂತೆ ಓದು ಮುಗಿಯುವ ತನಕ ಕೊಟ್ಟರೆ ನಮಗೆ ಜಾಸ್ತಿ ಅನುಕೂಲ, ಮೊದಲ ವರ್ಷ ಕೈಹಿಡಿದವರನ್ನು ಮೂರನೇ ವರ್ಷ ಬಿಡಬೇಕಾಗಿ ಬರುವುದಿಲ್ಲ. ಹಣವೇ ಆಗಬೇಕು ಅಂತಿಲ್ಲ. ನೀವು ನರ್ಸ್ ಆಗಿದ್ದರೆ ನಿಮ್ಮ ಹಳೆಯ ಪುಸ್ತಕ ಕೊಡಿ, ವಾರಕ್ಕೊಂದು ಗಂಟೆ ಡ್ರಗ್ ಡೋಸ್ ಲೆಕ್ಕ ಹೇಳಿಕೊಡಿ. ಎಷ್ಟೋ ಮಕ್ಕಳು ಎಡವುವುದು ಅಲ್ಲೇ. ಬಂದ ದುಡ್ಡಿಗೆಲ್ಲ ರಸೀದಿ ಕೊಡುತ್ತೇವೆ. ಫೀಸನ್ನು ನೇರ ಕಾಲೇಜಿಗೆ ಕಟ್ಟುತ್ತೇವೆ. ಖರ್ಚಿನ ಲೆಕ್ಕ ಕೇಳಿದವರಿಗೆಲ್ಲ ತೋರಿಸುತ್ತೇವೆ, ಮಕ್ಕಳ ಹೆಸರು, ಫೋಟೊ ಮಾತ್ರ ಎಲ್ಲೂ ಹಾಕುವುದಿಲ್ಲ. ನೆರವು ಪಡೆದೆ ಅಂತ ಅವರು ನಾಲ್ಕು ಜನರ ಮುಂದೆ ನಿಲ್ಲಬೇಕಾಗಿ ಬರಬಾರದು.

ಈ ಸಲದ ಹೊಸ ಬ್ಯಾಚು ಸದ್ಯಕ್ಕೆ ಲ್ಯಾಬಿನಲ್ಲಿ ಬೊಂಬೆಗಳ ಮೇಲೆ ಅಭ್ಯಾಸ ಮಾಡುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಅವರು ಮೊದಲ ಸಲ ವಾರ್ಡಿಗೆ ಹೋಗುತ್ತಾರೆ. ಅಷ್ಟರೊಳಗೆ ಒಬ್ಬೊಬ್ಬರ ಕೈಗೂ ಅವರದೇ ಆದ ವಾಚು ಸಿಗುವಂತೆ ಮಾಡಿ. ದೇಣಿಗೆ ಕಳಿಸುವಾಗ ‘ನರ್ಸಿಂಗ್ ವಿದ್ಯಾರ್ಥಿ ನಿಧಿಗೆ’ ಅಂತ ಒಂದು ಸಾಲು ಬರೆಯಿರಿ, ಆ ಹಣ ಬೇರೆ ಯಾವುದಕ್ಕೂ ಹೋಗುವುದಿಲ್ಲ.

ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲ ಸದಸ್ಯರು