ಗರ್ಭಪಾತದ ಕಾನೂನು ನಮ್ಮ ಮಾತಿನಲ್ಲಿ ಕಿವಿಗೆ ಬೀಳಲಿ

ಮಾನ್ಯ ಸಂಪಾದಕರಿಗೆ,

ಪಾಡ್‌ಕಾಸ್ಟ್ ಉದ್ಯಮ ಧ್ವನಿಯಿಂದ ವಿಡಿಯೊ ಕಡೆಗೆ ಹೊರಳುತ್ತಿರುವ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಬರಹವನ್ನು ಓದಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ತಿಂಗಳಿಗೆ ನೂರು ಕೋಟಿಗೂ ಹೆಚ್ಚು ಜನ ತನ್ನಲ್ಲಿ ಪಾಡ್‌ಕಾಸ್ಟ್ ಬಳಸುತ್ತಾರೆಂದು ಯೂಟ್ಯೂಬ್ 2025ರ ಫೆಬ್ರುವರಿಯಲ್ಲಿ ಹೇಳಿಕೊಂಡದ್ದನ್ನು ಆ ಬರಹ ಒಳ್ಳೆಯ ಸುದ್ದಿಯೆಂದೇ ಎಣಿಸಿತ್ತು. ವ್ಯಾಪಾರದ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯೇ ಇರಬಹುದು. ಆದರೆ ಇಂದಿನ ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ 31 ವರ್ಷ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿ, ಬಸಿರು ಬಾಣಂತನಗಳ ರಿಜಿಸ್ಟರ್ ಬರೆದು ನಿವೃತ್ತಳಾದ ನನಗೆ, ಮುಖ ಕಾಣದ ಧ್ವನಿಯಿಂದ ಮಾತ್ರ ಆಗಬಹುದಾದ ಒಂದು ಕೆಲಸ ನಮ್ಮ ಭಾಗದಲ್ಲಿ ಇನ್ನೂ ಸರಿಯಾಗಿ ಶುರುವೇ ಆಗಿಲ್ಲವೆಂಬುದು ಗೊತ್ತಿದೆ. ಗರ್ಭಪಾತದ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಹೆಣ್ಣುಮಕ್ಕಳಿಗೆ ಅವರದೇ ಮಾತಿನಲ್ಲಿ ತಿಳಿಸುವ ಕೆಲಸ ಅದು.

ಕಳೆದ ಬೇಸಿಗೆಯಲ್ಲಿ ಶಹಾಪುರದ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದೆ. ಜೊತೆಗೆ ಡಿಗ್ರಿ ಓದುವ ಮೊಮ್ಮಗಳು ಮತ್ತು ಅವಳ ಗೆಳತಿ ಇದ್ದರು. ಒಂದೇ ಇಯರ್‌ಫೋನಿನ ಒಂದು ಗುಂಡಿ ಇವಳ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ಜೇವರ್ಗಿ ದಾಟುವವರೆಗೂ ಇಬ್ಬರೂ ತುಟಿಪಿಟಕ್ಕೆನ್ನದೆ ಕೇಳುತ್ತಿದ್ದುದನ್ನು ನೋಡಿ ಏನೆಂದು ವಿಚಾರಿಸಿದರೆ, ಅಮೆರಿಕದ 'ಸ್ಲೋ ಬರ್ನ್' ಎಂಬ ಪಾಡ್‌ಕಾಸ್ಟಿನಲ್ಲಿ 2022ರಲ್ಲಿ ಬಂದ, ರೋ ವಿರುದ್ಧ ವೇಡ್ ಪ್ರಕರಣದ ಹಿನ್ನೆಲೆಯನ್ನು ಹೇಳುವ ಸರಣಿಯಂತೆ. ಗರ್ಭಪಾತ ಮಾಡಿಸಿಕೊಂಡಿದ್ದಕ್ಕಾಗಿ ಫ್ಲಾರಿಡಾದ ಶೆರ್ಲಿ ವೀಲರ್ ಎಂಬ ತರುಣಿಯನ್ನು 1971ರಲ್ಲಿ ನರಹತ್ಯೆಯ ಅಪರಾಧಿಯೆಂದು ತೀರ್ಮಾನಿಸಿದ ಕಥೆಯನ್ನು ಮೊಮ್ಮಗಳು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಹೇಳಿ ಮುಗಿಸಿ, "ಈಗ ನಮ್ಮಲ್ಲೂ ಅದು ಬಂದ್ ಆಗ್ಯಾದಲ್ಲ, ಆಯಿ?" ಎಂದು ಕೇಳಿದಳು.

ಆ ಪ್ರಶ್ನೆ ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಶೆರ್ಲಿ ವೀಲರ್ ಅಪರಾಧಿಯಾದ ಅದೇ 1971ರಲ್ಲಿ ನಮ್ಮ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಅಂಗೀಕರಿಸಿತು; 1972ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. 1973ರಲ್ಲಿ ಆ ರೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಗರ್ಭಪಾತದ ಹಕ್ಕನ್ನು ಅದೇ ಕೋರ್ಟ್ 2022ರ ಜೂನ್ 24ರಂದು ಹಿಂದಕ್ಕೆ ಪಡೆದದ್ದನ್ನು ನಮ್ಮ ಮಕ್ಕಳು ಬಲ್ಲರು. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ, ಉಳಿಯಲಾರದೆಂದು ಗೊತ್ತಿದ್ದ ಬಸಿರನ್ನು ಸಮಯಕ್ಕೆ ತೆಗೆಯದೆ ನಂಜೇರಿ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನೂ, ಆರು ವರ್ಷದೊಳಗೆ ಆ ದೇಶದ ಜನ ಮತ ಹಾಕಿ ತಮ್ಮ ಸಂವಿಧಾನವನ್ನೇ ಬದಲಿಸಿಕೊಂಡದ್ದನ್ನೂ ಬಲ್ಲರು. ಇದೆಲ್ಲ ಅವರಿಗೆ ಗೊತ್ತಾದದ್ದು ಇಂಥ ಇಂಗ್ಲಿಷ್ ಪಾಡ್‌ಕಾಸ್ಟ್‌ಗಳಿಂದ. ಅವುಗಳನ್ನು ಶ್ರದ್ಧೆಯಿಂದ ಮಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ತಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ಸರ್ಕಾರಿ ಆಸ್ಪತ್ರೆಯಲ್ಲಿ ತಮಗಿರುವ ಹಕ್ಕು ಯಾವುದೆಂದು ಅವರಿಗೆ ಯಾರೂ ಹೇಳಿಲ್ಲ.

ಆ ದಿನ ಬಸ್ಸಿನಲ್ಲಿ ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸಿರಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನವಾದವರು, ಅಂಗವೈಕಲ್ಯ ಇರುವವರು ಮುಂತಾದವರಿಗೆ ಈ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಮೊದಲಿನ ಕಾಯ್ದೆಯಲ್ಲಿ ಗರ್ಭನಿರೋಧಕ ವಿಫಲವಾದ ಕಾರಣವನ್ನು ಮದುವೆಯಾದವರು ಮಾತ್ರ ಹೇಳಬಹುದಿತ್ತು. ಈಗ ಯಾವ ಹೆಣ್ಣುಮಗಳಾದರೂ ಹೇಳಬಹುದು. ಮದುವೆಯಾಗದವರನ್ನು 24 ವಾರದ ಅವಕಾಶದಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ. ಗಂಡನ ಬಲವಂತದಿಂದಾದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದಿಂದಾದದ್ದೆಂದೇ ತಿಳಿಯಬೇಕೆಂದು ಅದೇ ತೀರ್ಪು ಹೇಳಿದೆ. ಆಕೆಯ ಹೆಸರನ್ನು ಹೊರಗೆ ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 18 ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಹೆಣ್ಣುಮಗಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಾಗಿಲ್ಲ, ಅತ್ತೆಯ ಒಪ್ಪಿಗೆ ಬೇಕಾಗಿಲ್ಲ. ಇದು 1971ರಿಂದಲೂ ಹೀಗೆಯೇ ಇದೆ.

ಈ ಕೊನೆಯ ಮಾತನ್ನು ಬರೆಯುವಾಗ 2009ರ ಒಂದು ಘಟನೆ ಕಣ್ಣಮುಂದೆ ಬರುತ್ತದೆ. ನನ್ನ ಉಪಕೇಂದ್ರದ ವ್ಯಾಪ್ತಿಯ ತಾಂಡಾವೊಂದರ ಹೆಣ್ಣುಮಗಳು, ಮೂರು ಮಕ್ಕಳ ತಾಯಿ, ಮೂರನೆಯದಕ್ಕೆ ಇನ್ನೂ ಹತ್ತು ತಿಂಗಳು. ಅಷ್ಟರಲ್ಲಿ ಮತ್ತೆ ಬಸಿರು. ಗಂಡ ಪುಣೆಗೆ ಗುಳೆ ಹೋಗಿದ್ದ. ಅವಳನ್ನು ನಾನೇ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿಯವರು ಗಂಡನ ಸಹಿ ಇಲ್ಲದೆ ಮುಟ್ಟುವುದಿಲ್ಲ ಎಂದರು. "ಅಕ್ಕೋರೆ, ಅವರು ಪುಣಾದಾಗ ಅದಾರ, ಸಹಿ ಎಲ್ಲಿಂದ ತರ್ಲಿ?" ಎಂದು ಅವಳು ನನ್ನನ್ನು ಕೇಳಿದಳು. ಸೆರಗಿನ ಗಂಟು ಬಿಚ್ಚಿ ಮಡಿಚಿದ ಬಸ್ ಟಿಕೆಟ್ ಒಂದನ್ನು ತೆಗೆದಳು. ಅದರ ಬೆನ್ನ ಮೇಲೆ ಗುತ್ತಿಗೆದಾರನ ಫೋನ್ ನಂಬರನ್ನು ಯಾರೋ ಬರೆದುಕೊಟ್ಟಿದ್ದರು, ಬೆವರಿಗೆ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು. ಗಂಡನ ಸಹಿ ಕಾನೂನಿನಲ್ಲಿ ಇಲ್ಲವೆಂದು ನನಗೆ ಆಗ ಖಚಿತವಾಗಿ ಗೊತ್ತಿರಲಿಲ್ಲ. ಆರೋಗ್ಯ ಇಲಾಖೆಯ ಸೀರೆ ಉಟ್ಟುಕೊಂಡು ಅವಳ ಪಕ್ಕದಲ್ಲಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅವನನ್ನು ಹುಡುಕುವುದರಲ್ಲೇ ನಾಲ್ಕು ವಾರ ಕಳೆದವು. ಆಗಿನ ಕಾನೂನಿನಲ್ಲಿ ಒಬ್ಬ ವೈದ್ಯರೇ ತೀರ್ಮಾನಿಸಬಹುದಾಗಿದ್ದ 12 ವಾರದ ಗಡಿ ದಾಟಿತು. ಕೊನೆಗೆ ಅವಳು ಯಾರಿಗೂ ಹೇಳದೆ ಪಕ್ಕದೂರಿನ, ವೈದ್ಯ ಪದವಿಯಿಲ್ಲದ ಆರ್‌ಎಂಪಿ ಒಬ್ಬನ ಬಳಿ ಹೋಗಿ ತೆಗೆಸಿಕೊಂಡಳು. ಮೂರನೆಯ ದಿನ ನಾನು ಹೋದಾಗ ಹಾಸಿದ್ದ ಕೌದಿ ರಕ್ತದಲ್ಲಿ ತೊಯ್ದು ಅಂಟಾಗಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಏರಿಸಿದ ಮೇಲೆ ಬದುಕಿದಳು. ಆ ದಿನ ನಾನು ಆಡದೆ ಉಳಿಸಿದ ಒಂದು ಮಾತಿನ ಭಾರ ಇಂದಿಗೂ ನನ್ನ ಮೇಲಿದೆ.

ಈಗ ಗುಳಿಗೆಗಳು ಬಂದಿವೆ. ಕಾನೂನಿನ ಪ್ರಕಾರ 9 ವಾರದವರೆಗೆ, ವೈದ್ಯರು ಬರೆದುಕೊಟ್ಟರೆ, ಗುಳಿಗೆಯಿಂದಲೇ ಗರ್ಭಪಾತ ಸಾಧ್ಯ. ದೇಶದಲ್ಲಿ 2015ರಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಯಿಂದಲೇ ಆದವು ಎಂದು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪ್ರಕಟಿಸಿದ ಅಧ್ಯಯನ ಅಂದಾಜಿಸಿದೆ. ಔಷಧಿ ಅಂಗಡಿಗೆ ಗಂಡನೋ ಮೈದುನನೋ ಹೋಗಿ ತಂದದ್ದನ್ನು ನುಂಗುವ ಹೆಣ್ಣುಮಕ್ಕಳಿಗೆ ವಾರ ಎಣಿಸುವುದು ಹೇಗೆಂದೇ ಗೊತ್ತಿರುವುದಿಲ್ಲ. ವೈದ್ಯರ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ನಮ್ಮವರ ಲೆಕ್ಕ ಮುಟ್ಟು ತಪ್ಪಿದ ದಿನದಿಂದ. ಹೀಗಾಗಿ "ಬರೇ ಒಂದ್ ತಿಂಗಳಾಗ್ಯಾದ್ರಿ" ಎನ್ನುವವಳಿಗೆ ವೈದ್ಯರ ಲೆಕ್ಕದಲ್ಲಿ ಆಗಲೇ ಎಂಟು ವಾರ ಆಗಿರುತ್ತದೆ. ತಾರೀಖು ಕೇಳಿದರೆ ಅವರು ಹೇಳುವುದು ಹಬ್ಬಗಳನ್ನು: ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋಗಲಿಲ್ಲ, ಆಗ ಮುಟ್ಟಾಗಿದ್ದೆ, ಅಪ್ಪನ (ಶರಣಬಸವೇಶ್ವರರ) ಜಾತ್ರೆಯ ತೇರಿನ ದಿನ ಹೊರಗಿದ್ದೆ. ನಾನು ಪಂಚಾಂಗ ಎದುರಿಗಿಟ್ಟುಕೊಂಡೇ ವಾರ ಎಣಿಸುತ್ತಿದ್ದೆ. ಬಸಿರು ಗರ್ಭಕೋಶದ ಬದಲು ಅದರ ನಾಳದಲ್ಲಿ ನಿಂತಿದ್ದರೆ ಗುಳಿಗೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದು ಜೀವಕ್ಕೇ ಕುತ್ತು ಬರಬಹುದು ಎಂಬುದನ್ನು ಅವರಿಗೆ ಹೇಳುವವರು ಯಾರು? 2011ರ ಜನಗಣತಿಯಲ್ಲಿ ಯಾದಗಿರಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆಯಾಗಿತ್ತು. ಅಲ್ಲಿನ ತಾಯಂದಿರಿಗೆ ಕರಪತ್ರ ಹಂಚಿ ಫಲವಿಲ್ಲ. ಕೇಳಿಸಬೇಕು.

ಇಲ್ಲಿ ತಮ್ಮ ವೃತ್ತಿಯವರಲ್ಲಿ ಒಂದು ಬಿನ್ನಹ. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಡಿ ಅಪರಾಧ. ಅದು ಅಪರಾಧವಾಗಿಯೇ ಇರಬೇಕು. ಆದರೆ ಅಂಥ ದಂಧೆಯ ಸುದ್ದಿಗಳಿಗೂ ಆಸ್ಪತ್ರೆಯ ಗೋಡೆಬರಹಗಳಿಗೂ ಬಳಸುವ 'ಭ್ರೂಣಹತ್ಯೆ' ಎಂಬ ಒಂದೇ ಪದದಿಂದಾಗಿ, ಯಾವ ಕಾರಣಕ್ಕೆ ಬಸಿರು ತೆಗೆಸಿಕೊಂಡರೂ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ನಂಬಿರುವ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಲಿಂಗ ಪತ್ತೆ ಬೇರೆ, ಕಾನೂನುಬದ್ಧ ಗರ್ಭಪಾತ ಬೇರೆ ಎಂದು ಪ್ರತಿ ಸುದ್ದಿಯ ಕೊನೆಗೆ ಒಂದು ಸಾಲು ಸೇರಿಸಿದರೂ ಉಪಕಾರವಾಗುತ್ತದೆ.

ಇನ್ನು ವಿಡಿಯೊ ವಿಷಯ. 2023ರಲ್ಲಿ ಪಾಡ್‌ಕಾಸ್ಟ್ ಕೇಳಿಸುತ್ತಿದ್ದ ಸ್ಟಿಚರ್ ಆ್ಯಪ್ ನಿಂತಿತು. ಅದೇ ವರ್ಷ ಸ್ಪಾಟಿಫೈ ತನ್ನ ಪಾಡ್‌ಕಾಸ್ಟ್ ವಿಭಾಗದಿಂದ ಸುಮಾರು 200 ಜನರನ್ನು ತೆಗೆಯಿತು. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಮುಚ್ಚಿ ಕೇಳುಗರನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಕಳಿಸಿತು. ದೊಡ್ಡ ಸಂಸ್ಥೆಗಳು ಕ್ಯಾಮೆರಾ ಮುಂದೆ ಕುಳಿತು ಮಾತಾಡುವವರ ಹಿಂದೆ ಹೋಗುತ್ತಿವೆ. ಇದರಿಂದ ನಮ್ಮ ಹಳ್ಳಿಯ ಮನೆಯೊಳಗೆ ಏನಾಗುತ್ತದೆಂದು ಹೇಳುತ್ತೇನೆ. ಯೂಟ್ಯೂಬ್ ಆ್ಯಪ್‌ನಲ್ಲಿ ಹಣ ಕಟ್ಟದವರಿಗೆ ಪರದೆ ಆರಿದರೆ ಧ್ವನಿಯೂ ನಿಲ್ಲುತ್ತದೆ. ಅಂದರೆ ಗರ್ಭಪಾತದ ಬಗ್ಗೆ ಕೇಳಬೇಕೆಂದರೆ ಪರದೆ ಬೆಳಗುತ್ತಲೇ ಇರಬೇಕು, ಅದರ ಮೇಲಿನ ಶೀರ್ಷಿಕೆ ಮನೆಯಲ್ಲಿ ಓದಬಲ್ಲವರಿಗೆಲ್ಲ ಕಾಣುತ್ತಿರಬೇಕು. ಫೋನು ಬಹಳ ಕಡೆ ಗಂಡನದು, ಇಲ್ಲವೇ ಮಗನದು. ನೋಡಿದ್ದರ ಪಟ್ಟಿ ಅದರಲ್ಲಿ ಉಳಿಯುತ್ತದೆ. ಧ್ವನಿಯ ಕಡತವಾದರೆ ಒಬ್ಬರಿಂದ ಒಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಗುತ್ತದೆ, ಡೇಟಾ ಬಹಳ ಕಡಿಮೆ ಸಾಕು, ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಲೋ ರೊಟ್ಟಿ ಬಡಿಯುತ್ತಲೋ ಕೇಳಬಹುದು, ಕೇಳಿ ಅಳಿಸಬಹುದು. ಇನ್ನು ಮಾತಾಡುವವರ ಕಡೆಯಿಂದ ನೋಡಿದರೆ ಇದು ಇನ್ನೂ ದೊಡ್ಡ ಮಾತು. ಅಮೆರಿಕದ ಮೆಲಿಸ್ಸಾ ಮದೇರಾ 2013ರಿಂದ ನಡೆಸಿದ 'ದಿ ಅಬಾರ್ಷನ್ ಡೈರಿ'ಯಲ್ಲಿ ಹೆಣ್ಣುಮಕ್ಕಳು ತಮ್ಮ ಅನುಭವವನ್ನು ತಾವೇ ಹೇಳಿಕೊಳ್ಳಲು ಆದದ್ದು ಅದು ಧ್ವನಿಯಾಗಿದ್ದರಿಂದ ಎಂದೇ ನನ್ನ ನಂಬಿಕೆ. ನಮ್ಮ ತಾಂಡಾದ ಆ ತಾಯಿಯನ್ನು ದೀಪ, ಕ್ಯಾಮೆರಾಗಳ ಮುಂದೆ ಕೂರಿಸಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಾಳೆ. ಕತ್ತಲಲ್ಲಿ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದಂತೆ ಹೇಳು ಎಂದರೆ ಹೇಳುತ್ತಾಳೆ.

ಆದ್ದರಿಂದ ತಮ್ಮ ಪತ್ರಿಕೆಯೇ ಮುಂದಾಗಿ, ಹತ್ತು ಹನ್ನೆರಡು ನಿಮಿಷ ಮೀರದ ಧ್ವನಿ ಕಂತುಗಳನ್ನು ಮಾಡಬೇಕೆಂದು ಕೋರುತ್ತೇನೆ. ಅವು ಕಲಬುರಗಿಯ ಆಡುಮಾತಿನಲ್ಲಿ ಇರಲಿ. ಲಂಬಾಣಿಯಲ್ಲೂ ದಖನಿ ಉರ್ದುವಿನಲ್ಲೂ ಒಂದೊಂದು ರೂಪ ಬರಲಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗಳಲ್ಲಿ ಪಾಠ ಹೇಳುವ ಪ್ರಸೂತಿ ತಜ್ಞರಿದ್ದಾರೆ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರಿದ್ದಾರೆ, ಕೇಳಿದರೆ ಬರುತ್ತಾರೆ. ಆಕಾಶವಾಣಿಯ ಕಲಬುರಗಿ ಕೇಂದ್ರದ ಮಾತನ್ನು ನಂಬುವ ಒಂದು ತಲೆಮಾರು ಇನ್ನೂ ಇದೆ. ಅವರಿಗಾಗಿ ಅದೇ ಕಂತುಗಳನ್ನು ಬಾನುಲಿಯಲ್ಲೂ ಬಿತ್ತರಿಸಲು ಕೇಂದ್ರವನ್ನು ಕೇಳಿಕೊಳ್ಳಬಹುದು. ಕಂತುಗಳನ್ನು ಆಶಾ ಕಾರ್ಯಕರ್ತೆಯರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿದರೆ ಒಂದು ವಾರದಲ್ಲಿ ತಾಂಡಾ ತಾಂಡಾಗಳಿಗೆ ಮುಟ್ಟುತ್ತವೆ. ಪ್ರತಿ ಕಂತಿನ ಕೊನೆಗೆ ಆರೋಗ್ಯ ಸಹಾಯವಾಣಿ 104ರ ಸಂಖ್ಯೆಯನ್ನು ಎರಡು ಸಲ ನಿಧಾನವಾಗಿ ಹೇಳಬೇಕು. ಕಂತಿನ ಹೆಸರಿನಲ್ಲಿ ಗರ್ಭಪಾತ ಎಂಬ ಪದ ಇರಬಾರದು. 'ತಾಯಂದಿರ ಮಾತು' ಎಂದೋ ಮತ್ತೊಂದೋ ಸಾಧಾರಣ ಹೆಸರು ಇದ್ದರೆ, ಫೋನು ಯಾರ ಕೈಗೆ ಹೋದರೂ ಕೇಳಿದವಳಿಗೆ ತೊಂದರೆಯಾಗದು.

ವಾರ ಎಣಿಸುವ ಕಂತಿಗೆ ಧ್ವನಿ ಕೊಡಲು ನಾನು ಸಿದ್ಧಳಿದ್ದೇನೆ. ಎಳ್ಳಮಾವಾಸ್ಯೆ, ಹೋಳಿ ಹುಣ್ಣಿಮೆ, ನಾಗರ ಪಂಚಮಿಗಳನ್ನು ಹಿಡಿದು ಎಣಿಸುವುದನ್ನು ಹೇಳಿಕೊಡುತ್ತೇನೆ, ಗಂಡನ ಸಹಿ ಬೇಕಿಲ್ಲವೆಂಬ ಮಾತನ್ನೂ ಅದರಲ್ಲಿ ಮೊದಲಿಗೆ ಹೇಳುತ್ತೇನೆ. ಪಂಚಾಂಗ ನನ್ನದೇ ತರುತ್ತೇನೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಕಲಬುರಗಿ
(ಹೆಸರು ಮತ್ತು ವಿಳಾಸವನ್ನು ಪತ್ರಿಕೆಗೆ ತಿಳಿಸಿದ್ದೇನೆ)