ಮಾಷ್ಟ್ರಿಗೆ ಮಕ್ಕಳ ಮಾತು ಬರಬೇಕು: ಗ್ವಾಟೆಮಾಲದ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಮ್ಮ ಕಡೆ ಗ್ವಾಟೆಮಾಲ ಅಂದ್ರೆ ಏಲಕ್ಕಿ. ಸಕಲೇಶಪುರ, ಮಡಿಕೇರಿ ಕಡೆಯ ಬೆಳೆಗಾರರಿಗೆ ನಿಮ್ಮ ದೇಶದ ಹೆಸರು ಬಾಯಿಪಾಠ. ಇಲ್ಲಿ ರೇಟು ಬಿದ್ದಾಗ ಮೊದಲು ಬೈಸಿಕೊಳ್ಳುವುದು ನಿಮ್ಮ ಮಾಲು. ಸುಮಾರು ನೂರು ವರ್ಷದ ಹಿಂದೆ ಒಬ್ಬ ಜರ್ಮನ್ ತೋಟಗಾರ ಭಾರತದ ಏಲಕ್ಕಿಯನ್ನು ಒಯ್ದು ನಿಮ್ಮ ಆಲ್ತಾ ವೆರಾಪಾಸ್ ಬೆಟ್ಟಗಳಲ್ಲಿ ನೆಟ್ಟನಂತೆ. ಈಗ ಪ್ರಪಂಚಕ್ಕೆ ಅತಿ ಹೆಚ್ಚು ಏಲಕ್ಕಿ ಕಳಿಸುವವರು ನೀವೇ. ಅದನ್ನು ಬೆಳೆದು ಬಿಡಿಸುವವರಲ್ಲಿ ಹೆಚ್ಚಿನವರು ಕೆಕ್ಚಿ ಮಾಯಾ ಜನ ಎನ್ನುವುದು ಮಾತ್ರ ಇಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಮಾಯಾ ಎಂದರೆ ಕಾಡಿನಲ್ಲಿ ಮುಚ್ಚಿಹೋದ ಪಿರಮಿಡ್ಡು, 2012ರಲ್ಲಿ ಪ್ರಳಯ ಆಗುತ್ತೆ ಅಂತ ಟಿವಿಯವರು ಎಬ್ಬಿಸಿದ ಗಲಾಟೆ, ಇಷ್ಟೇ ನಮಗೆ ಪರಿಚಯ. ಅಳಿದುಹೋದ ಜನ ಎಂದೇ ಎಷ್ಟೋ ಮಂದಿ ತಿಳಿದಿದ್ದಾರೆ. ನಿಮ್ಮ 2018ರ ಜನಗಣತಿಯಲ್ಲಿ ನೂರಕ್ಕೆ 41ಕ್ಕಿಂತ ಜಾಸ್ತಿ ಮಂದಿ ತಾವು ಮಾಯಾ ಎಂದು ಬರೆಸಿದ್ದಾರೆ. ಕೆಕ್ಚಿ ಭಾಷೆ ಆಡುವವರೇ ಸುಮಾರು 11 ಲಕ್ಷ.

ಆ ಏಲಕ್ಕಿ ಬೆಳೆಗಾರರ ಮಕ್ಕಳ ಶಾಲೆ ಬಗ್ಗೆ ನಿಮ್ಮಲ್ಲಿ ಮಾತಾಡಬೇಕಿತ್ತು. ‘ನೀನ್ಯಾರಪ್ಪ ಕೇಳೋಕೆ’ ಎಂದು ನೀವು ಅನ್ನಬಹುದು. ನಾನು ಕಾಸರಗೋಡಿನ ಕನ್ನಡಿಗ, ವೃತ್ತಿಯಲ್ಲಿ ಮಾಷ್ಟ್ರು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ನಮ್ಮ ಊರು ಕೇರಳಕ್ಕೆ ಹೋಯಿತು. ಅದೇ ವರ್ಷ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಪಾಠ ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ನಿಮ್ಮ 1985ರ ಸಂವಿಧಾನದ 76ನೇ ವಿಧಿಯೂ ಇದೇ ಧಾಟಿಯದು: ಮೂಲನಿವಾಸಿಗಳು ಹೆಚ್ಚಿರುವ ಕಡೆ ಶಾಲೆಯ ಪಾಠ ಅವರ ಭಾಷೆ, ಸ್ಪ್ಯಾನಿಷ್ ಎರಡರಲ್ಲೂ ನಡೆದರೆ ಒಳ್ಳೆಯದು ಎನ್ನುತ್ತದೆ. ಎರಡೂ ಚೆಂದದ ವಿಧಿಗಳೇ. ಎರಡರಲ್ಲೂ ಮಾಷ್ಟ್ರ ಬಾಯಿಗೆ ಯಾವ ಭಾಷೆ ಬರಬೇಕು ಎಂಬ ಮಾತಿಲ್ಲ.

ನಮ್ಮ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಒಬ್ಬರು ಲೆಕ್ಕದ ಮಾಷ್ಟ್ರು ಬಂದರು. ಕನ್ನಡ ಒಂದಕ್ಷರ ಬಾರದು. ಮನುಷ್ಯ ಒಳ್ಳೆಯವರೇ, ತಪ್ಪು ಅವರದ್ದಲ್ಲ. ಬೋರ್ಡಿನ ಮೇಲೆ ಭಿನ್ನರಾಶಿ ಬರೆದರು, ಮಲಯಾಳದಲ್ಲಿ ವಿವರಿಸಿದರು, ಕೊನೆಗೆ ‘ಮನಸ್ಸಿಲಾಯೋ?’ ಎಂದು ಕೇಳಿದರು. ಅರ್ಥ ಆಯ್ತಾ ಎಂದು. ಮಕ್ಕಳಿಗೆ ಆ ಒಂದು ಪದ ಗೊತ್ತಿತ್ತು. ಇಡೀ ಕ್ಲಾಸು ‘ಹೂಂ’ ಎಂದಿತು. ಸಂಜೆ ನನ್ನ ತಂಗಿಯ ಮಗಳು ಪುಸ್ತಕ ಹಿಡ್ಕೊಂಡು ಬಂದು, ‘ಮಾವ, ಈ ಗೆರೆ ಕೆಳಗೆ ಯಾಕೆ ಇನ್ನೊಂದು ಸಂಖ್ಯೆ?’ ಎಂದಳು. ಪಾಠ ಶುರುವಾಗಿ ಎರಡು ವಾರ ಆಗಿತ್ತು.

ಆಲ್ತಾ ವೆರಾಪಾಸಿನ ಹಳ್ಳಿಯ ಮಗು ಒಂದನೇ ತರಗತಿಗೆ ಬರುವಾಗ ಎಷ್ಟೋ ಸಲ ಸ್ಪ್ಯಾನಿಷ್ ಕಿವಿಗೂ ಬಿದ್ದಿರುವುದಿಲ್ಲ. ನಮ್ಮ ಮಕ್ಕಳಿಗಾದರೂ ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಕೇಳಿ ಅಭ್ಯಾಸ ಇದೆ. ಆ ಮಗುವಿಗೆ ಅದೂ ಇಲ್ಲ.

ನಿಮ್ಮ ದೇಶ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಮಾಡಿದ್ದರ ಪಟ್ಟಿ ಉದ್ದವೇ ಇದೆ. 1965ರಲ್ಲಿ ಮಾಯಾ ಭಾಷೆ ಬಲ್ಲ ಊರಿನ ಹುಡುಗರನ್ನು ಶಾಲೆಗೆ ತೆಗೆದುಕೊಂಡಿರಿ. ಆದರೆ ಅದು ಮಕ್ಕಳನ್ನು ಆದಷ್ಟು ಬೇಗ ಸ್ಪ್ಯಾನಿಷ್‌ಗೆ ದಾಟಿಸಲು. 1984ರಲ್ಲಿ ಕಿಚೆ, ಕಕ್ಚಿಕೆಲ್, ಕೆಕ್ಚಿ, ಮಾಮ್ ಎಂಬ ನಾಲ್ಕು ಮಾಯಾ ಭಾಷೆಗಳಲ್ಲಿ ದ್ವಿಭಾಷಾ ಶಿಕ್ಷಣದ ರಾಷ್ಟ್ರೀಯ ಕಾರ್ಯಕ್ರಮ ಬಂತು. 1987ರಲ್ಲಿ ಮಾಯಾ ಭಾಷೆಗಳಿಗೆಲ್ಲ ಒಂದೇ ಬಗೆಯ ಅಕ್ಷರಮಾಲೆ, 1990ರಲ್ಲಿ ಮಾಯಾ ಭಾಷಾ ಅಕಾಡೆಮಿಗೆ ಕಾನೂನು, 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾಯ್ದೆ. ಅದೇ ವರ್ಷ ದ್ವಿಭಾಷಾ ಶಿಕ್ಷಣಕ್ಕೆಂದೇ ನಿಮ್ಮ ಸಚಿವಾಲಯದಲ್ಲಿ ಒಬ್ಬ ಉಪ ಸಚಿವರ ಹುದ್ದೆಯೂ ಆಯಿತು. ಇದರಲ್ಲಿ ಒಂದು ಭಾಗ ನಡೆದದ್ದು 1960ರಿಂದ 1996ರವರೆಗಿನ ಒಳಯುದ್ಧದ ನಡುವೆ. ಸತ್ಯಶೋಧನಾ ಆಯೋಗ ಗುರುತಿಸಿದ ಬಲಿಗಳಲ್ಲಿ ನೂರಕ್ಕೆ 83 ಜನ ಮಾಯಾಗಳು. ಹಳ್ಳಿಯ ಮುಂದಾಳು ಅನ್ನಿಸಿಕೊಂಡವರ ಮೇಲೆಲ್ಲ ಸೈನ್ಯದ ಕಣ್ಣಿತ್ತು, ಮಾಷ್ಟ್ರುಗಳ ಮೇಲೂ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಸೆಪುರ್ ಸಾರ್ಕೊ ಎಂಬ ಕೆಕ್ಚಿ ಹಳ್ಳಿಯ ಹೆಸರು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಇಲ್ಲಿ ಓದುವವರಿಗಾಗಿ ಹೇಳುತ್ತೇನೆ. 1982ರಲ್ಲಿ ಅಲ್ಲಿನ ಗಂಡಸರು ತಾವು ಉಳುತ್ತಿದ್ದ ಜಮೀನಿಗೆ ಹಕ್ಕುಪತ್ರ ಕೇಳಿದರು. ಸೈನ್ಯ ಬಂದು ಅವರನ್ನು ಎಳೆದುಕೊಂಡು ಹೋಯಿತು. ಆಮೇಲೆ ಅಲ್ಲೇ ಸೈನಿಕರ ಠಾಣೆ ಎದ್ದಿತು. ವಿಧವೆಯರಾದ ಹೆಂಗಸರನ್ನು ಸರದಿ ಹಾಕಿ ಕರೆಸಿ ಅಡುಗೆ ಮಾಡಿಸಿದರು, ಬಟ್ಟೆ ಒಗೆಸಿದರು, ಅತ್ಯಾಚಾರ ಮಾಡಿದರು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಆ ಅಜ್ಜಿಯರು ರಾಜಧಾನಿಯ ಕೋರ್ಟಿನಲ್ಲಿ ಕೂತು, ತಲೆ ಮೇಲಿಂದ ಬಟ್ಟೆ ಹೊದ್ದು, ಕೆಕ್ಚಿಯಲ್ಲೇ ಸಾಕ್ಷಿ ಹೇಳಿದರು. ಅನುವಾದಕರ ಮೂಲಕ ಅದು ನ್ಯಾಯಾಧೀಶರಿಗೆ ತಲುಪಿತು. 2016ರ ಫೆಬ್ರವರಿ 26ರಂದು ಇಬ್ಬರಿಗೆ ಶಿಕ್ಷೆಯಾಯಿತು.

ಶಿಕ್ಷೆಯ ಜತೆಗೆ ಕೋರ್ಟು 18 ಪರಿಹಾರ ಕ್ರಮಗಳನ್ನೂ ಹೇಳಿತು. ಅದರಲ್ಲಿ ಆರೋಗ್ಯ ಕೇಂದ್ರ ಇತ್ತು, ಸುತ್ತಲ ಹಳ್ಳಿಗಳ ಪ್ರಾಥಮಿಕ ಶಾಲೆಗಳ ದುರಸ್ತಿ ಇತ್ತು. ಇನ್ನೊಂದು ನೇರ ನಿಮ್ಮ ಸಚಿವಾಲಯಕ್ಕೇ ಬಂದ ಆದೇಶ: ಸೆಪುರ್ ಸಾರ್ಕೊದಲ್ಲಿ ಒಂದು ಒಳ್ಳೆಯ ದ್ವಿಭಾಷಾ ಪ್ರೌಢಶಾಲೆ ಆಗಬೇಕು, ಹೆಣ್ಣುಮಕ್ಕಳು ಅಲ್ಲಿ ಓದುವಂತಾಗಬೇಕು.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಕೆಳಗಿಟ್ಟೆ. ಅಷ್ಟೆಲ್ಲ ಆದ ಊರಿಗೆ ಪರಿಹಾರ ಎಂದರೆ ಒಂದು ಪ್ರೌಢಶಾಲೆಯೂ ಹೌದು, ಅದೂ ಎರಡು ಭಾಷೆಯದ್ದು! ‘ದ್ವಿಭಾಷಾ ಶಿಕ್ಷಣ ಹೊರಗಿನ ಎನ್‌ಜಿಒಗಳ ಹುಚ್ಚು, ಹಳ್ಳಿಯವರಿಗೆ ಬೇಕಾಗಿಲ್ಲ’ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಿದರೆ ಈ ತೀರ್ಪನ್ನು ಅವರ ಮೇಜಿನ ಮೇಲಿಡಿ.

ಹಾಗಂತ ಎಲ್ಲ ತಂದೆತಾಯಿಗಳೂ ಒಪ್ಪುತ್ತಾರೆ ಅಂತಲ್ಲ. ‘ನಮ್ಮ ಭಾಷೆ ಮನೇಲೇ ಬರುತ್ತೆ, ಶಾಲೇಲಿ ಸ್ಪ್ಯಾನಿಷ್ ಕಲಿಸಿ’ ಎನ್ನುವವರು ನಿಮ್ಮಲ್ಲೂ ಬೇಕಾದಷ್ಟು. ನಮ್ಮಲ್ಲಿ ಇದೇ ಮಾತನ್ನು ಇಂಗ್ಲಿಷ್ ಬಗ್ಗೆ ಹೇಳುತ್ತಾರೆ. ಅವರನ್ನು ದಡ್ಡರು ಅನ್ನಬೇಡಿ. ಭಾಷೆ ಬರಲಿಲ್ಲ ಅಂತ ಕಚೇರಿ ಬಾಗಿಲಲ್ಲಿ ನಿಂತು ವಾಪಸ್ ಬಂದವರು ಅವರು. ಅವರಿಗೆ ಹೇಳಬೇಕಾದ್ದು ಲೆಕ್ಕದ ಮಾತು. ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ನಿಮ್ಮ ದೇಶದ್ದೇ ಅಂಕಿಅಂಶ ಹಿಡಿದು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ದ್ವಿಭಾಷಾ ಶಾಲೆಯಲ್ಲಿ ಮಕ್ಕಳು ಫೇಲಾಗಿ ಅದೇ ತರಗತಿಯಲ್ಲಿ ಕೂರುವುದು ಕಡಿಮೆ. ಅದರಿಂದಲೇ ಉಳಿಯುವ ದುಡ್ಡು 50 ಲಕ್ಷ ಡಾಲರ್ ಎಂದು ಅವರ ಅಂದಾಜು, ಸುಮಾರು ಒಂದು ಲಕ್ಷ ಮಕ್ಕಳ ಪ್ರಾಥಮಿಕ ಶಿಕ್ಷಣದ ಖರ್ಚಿಗೆ ಸಮ. ಮಗು ಸ್ಪ್ಯಾನಿಷ್ ಬಿಡಬೇಕಾಗಿಲ್ಲ. ಗೊತ್ತಿರುವ ಭಾಷೆಯಲ್ಲಿ ಓದು ಹಿಡಿದರೆ ಇನ್ನೊಂದು ಭಾಷೆಗೆ ದಾಟುವುದು ಸುಲಭ, ಅಷ್ಟೇ.

ಲೆಕ್ಕ ಅಂದೆನಲ್ಲ, ಒಂದು ವಿಷಯ ಹೇಳದೆ ಇರಲಾರೆ. ಮಾಯಾ ಅಂಕಿಗಳನ್ನು ನಾನು ನಮ್ಮ ನಾಲ್ಕನೇ ತರಗತಿ ಮಕ್ಕಳಿಗೆ ಸುಮ್ನೆ ಕುತೂಹಲಕ್ಕೆ ಕಲಿಸಿದ್ದೆ. ಒಂದಕ್ಕೆ ಒಂದು ಚುಕ್ಕಿ, ಐದಕ್ಕೆ ಒಂದು ಅಡ್ಡಗೆರೆ, ಸೊನ್ನೆಗೆ ಒಂದು ಚಿಪ್ಪು. ಏಳು ಎಂದರೆ ಒಂದು ಗೆರೆ, ಅದರ ಮೇಲೆ ಎರಡು ಚುಕ್ಕಿ. ನಾವು ಹತ್ತಕ್ಕೆ ಸ್ಥಾನ ಬದಲಿಸುತ್ತೇವೆ, ಅವರು ಇಪ್ಪತ್ತಕ್ಕೆ: ಕೆಳಗೆ ಚಿಪ್ಪು, ಮೇಲಿನ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟರೆ ಇಪ್ಪತ್ತು. ಹುಣಸೆಬೀಜ ಮತ್ತು ತೆಂಗಿನಗರಿಯ ಕಡ್ಡಿ ಕೊಟ್ಟು ಕೂರಿಸಿದೆ. ಎಂಟಕ್ಕೆ ಏಳು ಕೂಡಿಸಿ ಅಂದಾಗ ಒಬ್ಬ ಹುಡುಗ ಐದು ಬೀಜ ಎತ್ತಿಟ್ಟು ಅವುಗಳ ಜಾಗಕ್ಕೆ ಒಂದು ಕಡ್ಡಿ ಹಾಕಿದ. ಮೂರು ಕಡ್ಡಿ ಆಯಿತು. ‘ದಶಕ ಅಂದ್ರೆ ಹೀಗಾ ಸಾರ್?’ ಎಂದ. ಮೂರು ವರ್ಷದಿಂದ ‘ದಶಕ ತೆಗೆದುಕೊ’ ಎಂದು ಬಾಯಿಪಾಠ ಮಾಡಿದ್ದು ಅವನಿಗೆ ಆವತ್ತು ಕೈಗೆ ಸಿಕ್ಕಿತ್ತು. ಈ ಪದ್ಧತಿ ನಿಮ್ಮ ಪಠ್ಯಕ್ರಮದಲ್ಲೇ ಇದೆ. ಆದರೆ ಕೆಕ್ಚಿ ಮಗು ಮನೆಯಲ್ಲಿ ‘ಹುನ್, ವೀಬ್, ಓಶಿಬ್’ ಎಂದು ಎಣಿಸುತ್ತದೆ. ಆ ಎಣಿಕೆ ಮಾಷ್ಟ್ರ ಬಾಯಿಗೂ ಬಾರದಿದ್ದರೆ ಚುಕ್ಕಿ, ಗೆರೆ, ಚಿಪ್ಪು ಬರೀ ಗೋಡೆಯ ಚಿತ್ರ.

ಮಾಷ್ಟ್ರುಗಳ ನೇಮಕ ಹೇಗಿರಬೇಕು ಎಂಬುದೇ ನನ್ನ ಕೋರಿಕೆ. ದ್ವಿಭಾಷಾ ಹುದ್ದೆಗೆ ಪ್ರಮಾಣಪತ್ರ ಒಂದಿದ್ದರೆ ಸಾಲದು. ಹುದ್ದೆಗೆ ಬರುವವರು ಆ ಊರಿನಲ್ಲೇ, ಊರವರ ಮುಂದೆ, ಅರ್ಧ ಗಂಟೆ ಮಕ್ಕಳಿಗೆ ಪಾಠ ಮಾಡಲಿ. ಕೇಳಿದ ತಾಯಂದಿರು ಹೂಂ ಎಂದರೆ ಸಹಿ ಹಾಕಿ. ಕೊಬಾನ್ ಪಟ್ಟಣದ ಕೆಕ್ಚಿಗೂ ಕಹಾಬೋನ್ ಊರಿನ ಕೆಕ್ಚಿಗೂ ವ್ಯತ್ಯಾಸ ಇದೆ ಅಂತಾರೆ, ಅದನ್ನು ಊರಿನ ಕಿವಿಯೇ ಹಿಡಿಯಬೇಕು. ತಾಯಂದಿರ ಮೇಲೆ ನಂಬಿಕೆ ಇಡುವುದು ನಿಮಗೇನೂ ಹೊಸತಲ್ಲ. ನಿಮ್ಮ 2017ರ ಶಾಲಾ ಊಟದ ಕಾಯ್ದೆಯಡಿ ಊಟದ ದುಡ್ಡು ಪೋಷಕರ ಸಂಘದ ಕೈಯಲ್ಲೇ ಇದೆ. ತರಕಾರಿ ಎಲ್ಲಿ ಕೊಳ್ಳಬೇಕು ಎಂದು ತಿಳಿದವರಿಗೆ ಮಗುವಿಗೆ ಪಾಠ ಅರ್ಥವಾಗುತ್ತಿದೆಯಾ ಎಂದು ತಿಳಿಯದೇ?

1990ರ ದಶಕದಲ್ಲಿ ನಿಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ದೂರದ ಹಳ್ಳಿಗಳಲ್ಲಿ ಪೋಷಕರ ಸಮಿತಿಯೇ ಮಾಷ್ಟ್ರನ್ನು ಗೊತ್ತು ಮಾಡಿ ಸಂಬಳ ಕೊಡುವ ಪದ್ಧತಿ ಇತ್ತು. 2008ರಲ್ಲಿ ಬಂದ ಸರ್ಕಾರ ಅದನ್ನು ಮುಚ್ಚಿತು. ಮುಚ್ಚಿದ್ದು ಪೂರ್ತಿ ತಪ್ಪು ಅನ್ನಲಾರೆ. ಬಡ ರೈತರು ಸಂಬಳವಿಲ್ಲದೆ ಸರ್ಕಾರದ ಕೆಲಸ ಮಾಡಬೇಕಿತ್ತು, ಮಾಷ್ಟ್ರುಗಳ ಕೆಲಸಕ್ಕೆ ಭದ್ರತೆ ಇರಲಿಲ್ಲ. ಸಂಬಳ, ಭದ್ರತೆ ಸರ್ಕಾರದ್ದೇ ಇರಲಿ. ಆಯ್ಕೆಯ ಮಾತು ಊರಿನದ್ದಿರಲಿ.

ಊರಿನ ಹುಡುಗಿಯರೇ ಟೀಚರ್ ಆಗಬೇಕಾದರೆ ಓದು ಹತ್ತಿರ ಬರಬೇಕು. 2013ರಿಂದ ನೀವು ತರಬೇತಿಯನ್ನು ವಿಶ್ವವಿದ್ಯಾಲಯಕ್ಕೆ ಏರಿಸಿದಿರಿ. ಮಟ್ಟ ಏರಿಸಿದ್ದು ಸರಿ. ಆದರೆ ಬೆಟ್ಟದ ಹಳ್ಳಿಯಿಂದ ಪಟ್ಟಣಕ್ಕೆ ಹೋಗಿ ವರ್ಷಗಟ್ಟಲೆ ಇರಲು ಏಲಕ್ಕಿ ಬಿಡಿಸುವವರ ಮಗಳಿಗೆ ಆಗುತ್ತಾ? ವಿದ್ಯಾರ್ಥಿವೇತನ ಕೊಡಿ, ಇಲ್ಲವೇ ತರಗತಿಯನ್ನೇ ಅತ್ತ ಕಳಿಸಿ.

ಇನ್ನು, ಹೆಚ್ಚಿನ ಕಡೆ ಮಾಯಾ ಭಾಷೆ ಮೊದಲ ಮೂರು ತರಗತಿಗೇ ನಿಂತುಹೋಗುತ್ತದೆ. ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ಭಾಷೆ ಅದು, ವಿಜ್ಞಾನಕ್ಕೆ ಆಗಲ್ಲ ಎಂದು ಮಗುವೇ ತೀರ್ಮಾನಿಸುತ್ತದೆ. ಜತೆಗೆ ‘ದ್ವಿಭಾಷಾ’ ಎಂದರೆ ಯಾವಾಗಲೂ ಮಾಯಾ ಮಗು ಸ್ಪ್ಯಾನಿಷ್ ಕಲಿಯುವುದೇ ಯಾಕೆ? ಕೊಬಾನಿನ ಸ್ಪ್ಯಾನಿಷ್ ಮನೆಯ ಮಗುವೂ ಕೆಕ್ಚಿ ಕಲಿಯಲಿ. ಇದನ್ನು ಕೇಳಲು ನಮಗೂ ಸ್ವಲ್ಪ ಮುಜುಗರವೇ. ಲಂಬಾಣಿ, ಸೋಲಿಗ ಮಕ್ಕಳು ಕರ್ನಾಟಕದ ಶಾಲೆಗೆ ಬಂದಾಗ ಅವರ ಮಾತು ಕಲಿತ ಕನ್ನಡದ ಮಾಷ್ಟ್ರುಗಳು ಎಷ್ಟು ಮಂದಿ ಇದ್ದಾರು?

ಈ ಪತ್ರವನ್ನು ಮೊದಲು ನಮ್ಮವರು ಓದಲಿ ಎಂದು ಕನ್ನಡದಲ್ಲೇ ಹಾಕಿದ್ದೇನೆ. ಸ್ಪ್ಯಾನಿಷ್‌ಗೆ ಮಾಡಿಸಿದ ಪ್ರತಿ ದೆಹಲಿಯ ನಿಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. ಉಳಿದದ್ದಕ್ಕೆ ನಿಧಾನವಾಗಿ ಉತ್ತರ ಕೊಟ್ಟರೂ ನಡೆಯುತ್ತದೆ. ಸೆಪುರ್ ಸಾರ್ಕೊದ ಪ್ರೌಢಶಾಲೆಯ ಲೆಕ್ಕ ಮಾತ್ರ ಪ್ರತಿ ವರ್ಷ ಜನರ ಮುಂದೆ ಇಡಿ: ಎಷ್ಟು ಹುಡುಗಿಯರು ಓದುತ್ತಿದ್ದಾರೆ, ಎಷ್ಟು ಮಾಷ್ಟ್ರುಗಳಿದ್ದಾರೆ, ಅವರಲ್ಲಿ ಎಷ್ಟು ಜನ ಕೆಕ್ಚಿಯಲ್ಲಿ ವಿಜ್ಞಾನ ಪಾಠ ಮಾಡುತ್ತಾರೆ. ಆ ಪಟ್ಟಿಯನ್ನು ಊರಿನ ಅಜ್ಜಿಯರಿಗೆ ಕೆಕ್ಚಿಯಲ್ಲೇ ಓದಿ ಹೇಳಲು ಒಬ್ಬರನ್ನು ಕಳಿಸಿ.

ಇತಿ,
ಕಾಸರಗೋಡಿನ ಒಬ್ಬ ಕನ್ನಡ ಮಾಷ್ಟ್ರು